ಅಡುಗೆ ಎಣ್ಣೆ: ಲೀಟರ್ ಎಷ್ಟು, ಕಿಲೋ ಎಷ್ಟು?

ಕೊಪ್ಪಳ ಜಿಲ್ಲೆಯ ಅಡುಗೆಮನೆಗಳಲ್ಲಿ ಎಣ್ಣೆಗೆ ಎರಡು ಲೆಕ್ಕ. ಕುಷ್ಟಗಿ, ಯಲಬುರ್ಗಾ ಕಡೆಯ ಶೇಂಗಾ, ಕುಸುಬಿ ಗಾಣದಲ್ಲಿ ಎಣ್ಣೆಯಾದರೆ ತಕ್ಕಡಿಗೆ ಏರುತ್ತದೆ. ಅದು ಕಿಲೋ ಲೆಕ್ಕ. ಕೊಪ್ಪಳ, ಗಂಗಾವತಿಯ ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಪಾಕೀಟು ಹೆಚ್ಚಾಗಿ ಲೀಟರ್ ಲೆಕ್ಕದ್ದು. ಎರಡನ್ನೂ ಒಂದೇ ಎಂದುಕೊಂಡು ದರ ಹೋಲಿಸಿದರೆ ನಷ್ಟ ಕೊಳ್ಳುವವರಿಗೇ.

ವ್ಯತ್ಯಾಸ ಏಕೆ?

ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಎಣ್ಣೆ ನೀರಿಗಿಂತ ಹಗುರ. ಹಾಗಾಗಿಯೇ ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುತ್ತದೆ. ಶೇಂಗಾ, ಸೂರ್ಯಕಾಂತಿ, ಕುಸುಬಿ, ಎಳ್ಳು, ಅಕ್ಕಿ ತೌಡು ಯಾವುದರ ಎಣ್ಣೆಯಾದರೂ ಒಂದು ಲೀಟರ್‌ಗೆ ಸುಮಾರು 910ರಿಂದ 920 ಗ್ರಾಂ ತೂಕ. ದಿನಬಳಕೆಗೆ 910 ಎಂದು ಹಿಡಿದರೆ ಸಾಕು.

ಲೆಕ್ಕ ಹಾಕುವ ಬಗೆ

ಲೀಟರನ್ನು 0.91ರಿಂದ ಗುಣಿಸಿದರೆ ಕಿಲೋ; ಕಿಲೋವನ್ನು 0.91ರಿಂದ ಭಾಗಿಸಿದರೆ ಲೀಟರ್.

- 5 ಮಿ.ಲೀ. ಚಮಚ: ಸುಮಾರು 4.5 ಗ್ರಾಂ
- ಅರ್ಧ ಲೀಟರ್: 455 ಗ್ರಾಂ
- 1 ಕಿಲೋ: ಸುಮಾರು 1.1 ಲೀಟರ್
- 15 ಲೀಟರ್ ಡಬ್ಬಿ: 13.65 ಕಿಲೋ
- 15 ಕಿಲೋ ಡಬ್ಬಿ: ಸುಮಾರು 16.5 ಲೀಟರ್

ಮಿರ್ಚಿ ಭಜಿ ಅಂಗಡಿಯವರು, ಮದುವೆ ಅಡುಗೆಯವರು ಕೊನೆಯ ಎರಡು ಸಾಲು ನೆನಪಿಡಬೇಕು. ನೋಡಲು ಒಂದೇ ತೆರನಾದ ಈ ಡಬ್ಬಿಗಳ ನಡುವೆ 1.35 ಕಿಲೋ ಎಣ್ಣೆಯ ಅಂತರವಿದೆ.

ಗಾಣದ ಮುಂದೆ

ಒಂದು ಲೀಟರ್‌ನ ನೀರಿನ ಬಾಟಲಿ ಹಿಡಿದು ಒಂದು ಕಿಲೋ ಎಣ್ಣೆ ಕೇಳಿದರೆ, ತಕ್ಕಡಿ ಸಾವಿರ ಗ್ರಾಂ ತೋರಿಸುವ ಮೊದಲೇ ಬಾಟಲಿ ತುಂಬುತ್ತದೆ. ಆದ್ದರಿಂದ ದೊಡ್ಡ ಪಾತ್ರೆ ಒಯ್ಯಿರಿ. ಖಾಲಿ ಪಾತ್ರೆ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದ ಮೇಲೆಯೇ ಎಣ್ಣೆ ಸುರಿಯಲು ಹೇಳಿ.

ದರಕ್ಕೂ ಇದೇ ಲೆಕ್ಕ. ಗಾಣದ ಎಣ್ಣೆ ಕಿಲೋಗೆ 300 ರೂಪಾಯಿ, ಪಾಕೀಟು ಲೀಟರ್‌ಗೆ 280 ರೂಪಾಯಿ ಎಂದುಕೊಳ್ಳಿ. ಪಾಕೀಟು ಅಗ್ಗವೆನಿಸುತ್ತದೆ. ಆದರೆ 280ನ್ನು 0.91ರಿಂದ ಭಾಗಿಸಿದರೆ ಕಿಲೋಗೆ ಸುಮಾರು 308 ರೂಪಾಯಿ ಬೀಳುತ್ತದೆ.

ಬಿಸಿಯ ಪಾತ್ರ

ಕಾದ ಎಣ್ಣೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಸೆಲ್ಸಿಯಸ್‌ನಲ್ಲಿ 919.1 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಕೆಲವು ತಯಾರಕರು ಹೆಚ್ಚಿನ ತಾಪಮಾನ ನಮೂದಿಸಿ, ಕಡಿಮೆ ತೂಕದ ಎಣ್ಣೆಯನ್ನೇ ಒಂದು ಲೀಟರ್ ಎಂದು ತೋರಿಸುತ್ತಿದ್ದರು. ಹಾಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಆಗಸ್ಟ್‌ನಲ್ಲಿ, ತಾಪಮಾನ ಬರೆಯದೆ ಪ್ರಮಾಣದ ಜೊತೆ ತೂಕವನ್ನೂ ಮುದ್ರಿಸುವಂತೆ ಸೂಚಿಸಿತು. ಲೇಬಲ್ ತಿದ್ದಲು 2023ರ ಜನವರಿ 15ರವರೆಗೆ ಕಾಲಾವಕಾಶ ಕೊಟ್ಟಿತ್ತು.

ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯಲ್ಲಿ ಅಳತೆಗಿಂತ ತೂಕವೇ ನಂಬಿಕಸ್ಥ. ಬಿಸಿಲು ಎಷ್ಟೇ ಇರಲಿ, ಒಂದು ಕಿಲೋ ಎಣ್ಣೆ ಒಂದು ಕಿಲೋ ಆಗಿಯೇ ಉಳಿಯುತ್ತದೆ.

ಕೊಳ್ಳುವಾಗ

ಪಾಕೀಟಿನ ಬೆಲೆ ನೋಡುವ ಮೊದಲು ನಿವ್ವಳ ತೂಕ ಓದಿ. 800, 850 ಗ್ರಾಂನ ಪಾಕೀಟುಗಳೂ ಒಂದು ಲೀಟರ್‌ನದರಂತೆಯೇ ಕಾಣುತ್ತವೆ. ಬೆಲೆಯನ್ನು ಗ್ರಾಂಗಳಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಿಲೋ ದರ ಸಿಗುತ್ತದೆ. ತೂಕದಲ್ಲಿ ಮೋಸ ಕಂಡರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.