ರಾಜನ ಅಭಯಪತ್ರ

ಇಂಗ್ಲೆಂಡ್, 15ನೆಯ ಶತಮಾನ. ಪರದೇಶದ ವರ್ತಕರಿಗೂ ದೂತರಿಗೂ ದಾರಿಯಲ್ಲಿ ರಕ್ಷಣೆ ಕೊಡಲು ಅರಸನ ಲಿಪಿಕಾರರು ಇಂಥ ಪತ್ರಗಳನ್ನು ಹದಮಾಡಿದ ಚರ್ಮದ ಹಾಳೆಯ ಮೇಲೆ ಬರೆಯುತ್ತಿದ್ದರು.

1352ರ ಶಾಸನದ ಪ್ರಕಾರ ಅರಸನ ಕೊಲೆಗೆ ಸಂಚು, ಅವನ ಮೇಲೆ ಯುದ್ಧ, ಶತ್ರುಗಳಿಗೆ ನೆರವು, ರಾಜಮುದ್ರೆಯ ನಕಲು ಮುಂತಾದವು ರಾಜದ್ರೋಹ. ಅಭಯಪತ್ರ ಹೊಂದಿದವರ ಸುಲಿಗೆ ಅದರಲ್ಲಿರಲಿಲ್ಲ. ಕಡಲ್ಗಳ್ಳತನ ಹೆಚ್ಚಿ ಕದನವಿರಾಮಗಳೇ ಮುರಿಯತೊಡಗಿದಾಗ, ಐದನೆಯ ಹೆನ್ರಿಯ ಕಾಲದಲ್ಲಿ, 1414ರಲ್ಲಿ ಲೆಸ್ಟರ್‌ನಲ್ಲಿ ಸೇರಿದ ಸಂಸತ್ತು ಅದನ್ನೂ ರಾಜದ್ರೋಹವೆಂದು ಸಾರಿತು. ಅರಸನ ಮಾತನ್ನು ಮುರಿಯುವುದು ಅರಸನಿಗೇ ಬಗೆದ ದ್ರೋಹ ಎಂಬುದು ಅದರ ತಿರುಳು. ಬಂದರುಗಳಲ್ಲಿ ವಿಚಾರಣೆಗೆ ವಿಶೇಷ ಅಧಿಕಾರಿಗಳು ನೇಮಕಗೊಂಡರು. ಹಡಗಿನ ಒಡೆಯರು ಹೊರಡುವ ಮುನ್ನ ಅವರೆದುರು ಪ್ರಮಾಣ ಮಾಡಬೇಕಿತ್ತು.

ಮೇಣದ ಮಹಾಮುದ್ರೆಯನ್ನು ಗಮನಿಸಿ: ಒಂದು ಮುಖದಲ್ಲಿ ಸಿಂಹಾಸನದ ಮೇಲೆ ಅರಸ, ಇನ್ನೊಂದರಲ್ಲಿ ಕುದುರೆಯೇರಿದ ಅರಸ.