ರಾಮ್ಸೆ ಸ್ಟ್ರೀಟಿನ ಎರಡು ಮನೆ

ಪಕ್ಕದ ಫ್ಲ್ಯಾಟಿನವರ ಹೆಸರೂ ಗೊತ್ತಿಲ್ಲದ ನನಗೆ ಆಸ್ಟ್ರೇಲಿಯಾದ ‘ನೇಬರ್ಸ್’ ಧಾರಾವಾಹಿಯ ಚರಿತ್ರೆ ಅಂದ್ರೆ ಭಾರೀ ಕುತೂಹಲ. 1985ರ ಮಾರ್ಚಲ್ಲಿ ಸೆವೆನ್ ನೆಟ್‌ವರ್ಕಲ್ಲಿ ಶುರುವಾಯ್ತು. ಮೆಲ್ಬರ್ನ್ ಹೊರವಲಯದ ಪಿನ್ ಓಕ್ ಕೋರ್ಟೇ ತೆರೆ ಮೇಲಿನ ರಾಮ್ಸೆ ಸ್ಟ್ರೀಟು.

ಅಲ್ಲಿ ಪ್ಲಂಬರ್ ಮ್ಯಾಕ್ಸ್ ರಾಮ್ಸೆಗೂ ಎಂಜಿನಿಯರ್ ಜಿಮ್ ರಾಬಿನ್ಸನ್‌ಗೂ ಎಣ್ಣೆ ಸೀಗೆಕಾಯಿ. ಮ್ಯಾಕ್ಸನ ಮಗ ಶೇನ್‌ಗೆ ಒಲಿಂಪಿಕ್ಸ್ ಡೈವಿಂಗ್ ಕನಸು. ಒಂದು ಅಪಘಾತ ಅದನ್ನ ಮುಗಿಸಿತು.

ಧಾರಾವಾಹಿಯ ಹಣೆಬರಹವೂ ಹಾಗೇ ಇತ್ತು. ಕೆಲವೇ ತಿಂಗಳಲ್ಲಿ ಸೆವೆನ್ ಕೈಬಿಟ್ಟಿತು. 1986ರಲ್ಲಿ ಪ್ರತಿಸ್ಪರ್ಧಿ ನೆಟ್‌ವರ್ಕ್ ಟೆನ್ ಎತ್ತಿಕೊಂಡಿತು. 1987ರಲ್ಲಿ ರಾಬಿನ್ಸನ್ ಮನೆಯ ಸ್ಕಾಟ್, ರಾಮ್ಸೆ ಮನೆತನದ ಮೆಕ್ಯಾನಿಕ್ ಹುಡುಗಿ ಚಾರ್ಲೀನಳ ಕೈಹಿಡಿದ. ಮರುವರ್ಷ ಆ ಮದುವೆ ನೋಡಿದ ಬ್ರಿಟನ್ನಿನವರು ಸುಮಾರು 2 ಕೋಟಿ. ಚಾರ್ಲೀನ್ ಆಗಿದ್ದ ಕೈಲಿ ಮಿನೋಗ್ ಪಾಪ್ ತಾರೆಯಾದಳು.

ಅರಮನೆಯವರನ್ನ ನೋಡಿ ಯಾರೂ ಹೊಟ್ಟೆ ಉರ್ಕೊಳ್ಳಲ್ಲ. ನಮ್ಮಷ್ಟೇ ಸೈಟು, ನಮ್ಮಂಥದೇ ಮನೆ ಇರೋರ ಮಗ ಮುಂದೆ ಹೋದಾಗಲೇ ಉರಿ. ಆ ಉರಿಯನ್ನೇ ಕಥೆ ಮಾಡಿದ್ದಕ್ಕೆ ಆ ಬೀದಿ ಇಷ್ಟು ವರ್ಷ ಬಾಳಿತು ಅಂತ ನನ್ನ ಲೆಕ್ಕ.