ಮರದ ಸಣ್ಣ ಹಾಯಿದೋಣಿಗಳಲ್ಲಿ ಸಾಮಾನು ಕೋಣೆಯ ಮುಚ್ಚಳಗಳ ವಿನ್ಯಾಸ: ಸಾರ್ವಜನಿಕರಿಗೆ ಮಾಹಿತಿ

ಸ್ವಂತ ಬಳಕೆಗಾಗಿ ಮರ ಅಥವಾ ಪ್ಲೈವುಡ್‌ನಿಂದ ಸಣ್ಣ ಹಾಯಿದೋಣಿಯನ್ನು ನಿರ್ಮಿಸಲು ಇಚ್ಛಿಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಲ್ಲೇಶ್ವರಂ, ಬಸವನಗುಡಿ, ಚಾಮರಾಜಪೇಟೆಗಳಂತಹ ಹಳೆಯ ಬಡಾವಣೆಗಳ ಮನೆಯಂಗಳದಲ್ಲಿ ಅಥವಾ ಕಾರು ನಿಲ್ಲಿಸುವ ಸ್ಥಳದಲ್ಲಿ ಮೂರರಿಂದ ನಾಲ್ಕು ಮೀಟರ್ ಉದ್ದದ ದೋಣಿಯನ್ನು ಕಟ್ಟಬಹುದಾಗಿದೆ. ಆದರೆ ಅದನ್ನು ನೀರಿಗಿಳಿಸಲು ಜಲಾಶಯದ ಹಿನ್ನೀರಿಗೋ ಕರಾವಳಿಗೋ ರಸ್ತೆಯ ಮೂಲಕ ಸಾಗಿಸಬೇಕಾಗುತ್ತದೆ. ಈ ಪ್ರಯಾಣವೂ ಮುಚ್ಚಳದ ವಿನ್ಯಾಸಕ್ಕೆ ಸಂಬಂಧಿಸಿದ್ದೆಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ.

ಸಾಮಾನು ಕೋಣೆಯೂ ತೇಲುಕೋಣೆಯೂ ಒಂದೇ

ಸಣ್ಣ ದೋಣಿಯಲ್ಲಿ ಮುಂಭಾಗದ ಡೆಕ್ಕಿನ ಕೆಳಗೆ, ಆಸನಗಳ ಕೆಳಗೆ ಮತ್ತು ಹಿಂಭಾಗದಲ್ಲಿ ಇರುವ ಮುಚ್ಚಿದ ಕೋಣೆಗಳು ಎರಡು ಕೆಲಸಗಳನ್ನು ನಿರ್ವಹಿಸುತ್ತವೆ. ಹಗ್ಗ, ಲಂಗರು, ಕುಡಿಯುವ ನೀರು, ಬುತ್ತಿ ಮುಂತಾದವುಗಳಿಗೆ ಅವು ಸ್ಥಳ ಒದಗಿಸುತ್ತವೆ. ದೋಣಿ ಮಗುಚಿದಾಗ ಅದನ್ನು ಮುಳುಗದಂತೆ ಎತ್ತಿಹಿಡಿಯುವುದೂ ಅವುಗಳೊಳಗಿನ ಗಾಳಿಯೇ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಕೋಣೆಯು 60 ಲೀಟರ್ ಗಾಳಿಯನ್ನು ಹಿಡಿಯುತ್ತದೆ. ನೀರಿನಲ್ಲಿ ಮುಳುಗಿದಾಗ ಅದು ಸುಮಾರು 60 ಕಿಲೋ ಭಾರವನ್ನು ಎತ್ತಿಹಿಡಿಯಬಲ್ಲದು, ಅಂದರೆ ಹೆಚ್ಚುಕಡಿಮೆ ಒಬ್ಬ ವ್ಯಕ್ತಿಯ ತೂಕ. ಮುಚ್ಚಳ ಸೋರಿ ಕೋಣೆ ತುಂಬಿದರೆ ಈ ಆಧಾರ ಸಂಪೂರ್ಣ ಇಲ್ಲವಾಗುತ್ತದೆ. ಆದುದರಿಂದ ಮುಚ್ಚಳವನ್ನು ಮೊದಲು ದೋಣಿಯ ತಳಭಾಗದಷ್ಟೇ ಮುಖ್ಯವಾದ ಅಂಗವೆಂದೂ, ಅನಂತರವಷ್ಟೇ ಪೆಟ್ಟಿಗೆಯ ಬಾಗಿಲೆಂದೂ ಪರಿಗಣಿಸತಕ್ಕದ್ದು.

1962ರಲ್ಲಿ ಬ್ರಿಟನ್ನಿನಲ್ಲಿ ಮನೆಯಲ್ಲಿಯೇ ಕಟ್ಟಿಕೊಳ್ಳುವವರಿಗಾಗಿ ರೂಪಿಸಲಾದ ‘ಮಿರರ್’ ಎಂಬ ಪ್ಲೈವುಡ್ ದೋಣಿಯು ಇದಕ್ಕೆ ಉತ್ತಮ ನಿದರ್ಶನ. ತಾಮ್ರದ ತಂತಿಯಿಂದ ಹಲಗೆಗಳನ್ನು ಹೊಲಿದು, ಗಾಜಿನ ನಾರಿನ ಪಟ್ಟಿ ಅಂಟಿಸಿ ಕಟ್ಟುವ ಸುಮಾರು 3.3 ಮೀಟರ್ ಉದ್ದದ ಈ ದೋಣಿಯಲ್ಲಿ ತೇಲುಕೋಣೆಗಳು ಪ್ರತ್ಯೇಕ ಪ್ರತ್ಯೇಕವಾಗಿವೆ. ಒಂದಕ್ಕೆ ನೀರು ನುಗ್ಗಿದರೂ ಉಳಿದವು ದೋಣಿಯನ್ನು ತೇಲಿಸುತ್ತವೆ. ಹೊಸದಾಗಿ ಕಟ್ಟುವವರು ಎಲ್ಲ ಕೋಣೆಗಳಿಗೂ ದೊಡ್ಡ ಮುಚ್ಚಳ ಇಡುವ ಆಸೆಯನ್ನು ಬಿಡುವುದು ಲೇಸು. ಎರಡು ಕೋಣೆಗಳಲ್ಲಿ ಸಾಮಾನು ಇಟ್ಟು, ಉಳಿದವುಗಳಿಗೆ ಒಳಗೆ ನೋಡಲು ಮತ್ತು ಗಾಳಿಯಾಡಿಸಲು ಕೈ ಹಿಡಿಯುವಷ್ಟು ಅಳತೆಯ, ತಿರುಗಿಸಿ ಮುಚ್ಚುವ ದುಂಡು ಮುಚ್ಚಳವನ್ನು ಮಾತ್ರ ಅಳವಡಿಸಬಹುದು.

ಸ್ಥಳ ಮತ್ತು ಆಕಾರ

ಗಾಳಿಯ ರಭಸಕ್ಕೆ ದೋಣಿ ಒಂದು ಪಕ್ಕಕ್ಕೆ ಮಲಗಿದಾಗ ಆ ಪಕ್ಕದ ಅಂಚು ನೀರಿನೊಳಗೆ ಹೋಗುತ್ತದೆ. ಮುಚ್ಚಳವು ದೋಣಿಯ ನಡುಗೆರೆಯ ಸಮೀಪದಲ್ಲಿದ್ದರೆ ಆಗಲೂ ಅದು ನೀರಿನ ಮೇಲೆ ಉಳಿಯುವ ಸಂಭವ ಹೆಚ್ಚು. ಪಕ್ಕದ ಆಸನದ ಕೋಣೆಗಳಲ್ಲಿ ಇದು ಸಾಧ್ಯವಾಗದಿರುವುದರಿಂದ ಅಲ್ಲಿ ಸಣ್ಣ ದುಂಡು ಮುಚ್ಚಳವೇ ಸೂಕ್ತ.

ತೆರಪನ್ನು ಕೊರೆಯುವಾಗ ಡೆಕ್ಕಿನ ಅಡ್ಡತೊಲೆಗಳನ್ನು ಕತ್ತರಿಸಬಾರದು. ಎರಡು ತೊಲೆಗಳ ನಡುವೆ ತೆರಪನ್ನು ಯೋಜಿಸಿ, ಕೆಳಗಿನಿಂದ ನಾಲ್ಕೂ ಕಡೆ ಪಟ್ಟಿ ಅಂಟಿಸಿ ಬಲಪಡಿಸತಕ್ಕದ್ದು. ಚೂಪು ಮೂಲೆಗಳಲ್ಲಿ ಬಿರುಕು ಆರಂಭವಾಗುವುದರಿಂದ ಮೂಲೆಗಳನ್ನು ದುಂಡಾಗಿಸುವುದು ಅವಶ್ಯಕ. ಒಳಗಿಡುವ ಅತಿ ದೊಡ್ಡ ವಸ್ತುವನ್ನು ಮೊದಲು ಅಳೆದು, ಅದು ದಾಟುವಷ್ಟು ಮಾತ್ರ ತೆರೆಯುವುದು ಸರಿಯಾದ ಕ್ರಮ.

ಹೊಸ್ತಿಲು, ಅಂಚು ಮತ್ತು ರಬ್ಬರ್

ಹಳೆಯ ಬೆಂಗಳೂರಿನ ಮನೆಗಳ ಮುಂದಿನ ನೀರಿನ ಸಂಪನ್ನು ಗಮನಿಸಿದವರಿಗೆ ಈ ತತ್ವ ಹೊಸದಲ್ಲ. ಸಂಪಿನ ಬಾಯಿಯ ಸುತ್ತ ನೆಲಕ್ಕಿಂತ ಎತ್ತರವಾದ ಕಟ್ಟೆ ಇರುತ್ತದೆ. ಕಬ್ಬಿಣದ ಮುಚ್ಚಳದ ಅಂಚು ಕೆಳಕ್ಕೆ ಮಡಿಚಿ ಆ ಕಟ್ಟೆಯ ಹೊರಗೆ ಇಳಿದಿರುತ್ತದೆ. ಅಂಗಳ ತೊಳೆದ ನೀರು ಒಳಗೆ ಹೋಗದಂತೆ ತಡೆಯುವುದು ರಬ್ಬರಲ್ಲ, ಈ ಆಕಾರ. ದೋಣಿಯ ಮುಚ್ಚಳಕ್ಕೂ ಇಂತಹ ಹೊಸ್ತಿಲು ಇರತಕ್ಕದ್ದು. 1966ರ ಅಂತರರಾಷ್ಟ್ರೀಯ ಭಾರರೇಖೆ ಒಪ್ಪಂದದಲ್ಲಿ ಹಡಗುಗಳ ತೆರೆದ ಡೆಕ್ಕಿನ ಮುಚ್ಚಳಗಳಿಗೆ, ಅವುಗಳ ಸ್ಥಾನವನ್ನು ಅನುಸರಿಸಿ, 600 ಅಥವಾ 450 ಮಿ.ಮೀ. ಎತ್ತರದ ಹೊಸ್ತಿಲನ್ನು ವಿಧಿಸಲಾಗಿತ್ತು. ಸಣ್ಣ ದೋಣಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಷ್ಟು ಎತ್ತರವಿದ್ದರೆ ಕಾಲು ತೊಡರಿ ಬೀಳುವುದು ಖಂಡಿತ. 25ರಿಂದ 50 ಮಿ.ಮೀ. ಹೊಸ್ತಿಲು ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಸ್ತಿಲಿನ ಮೇಲಂಚು ಮುಚ್ಚಳದ ಒಳಗಿನ ರಬ್ಬರ್ ಪಟ್ಟಿಗೆ ಒತ್ತಬೇಕು. ನೀರು ಹೀರದ, ಮುಚ್ಚಿದ ರಂಧ್ರಗಳ ರಬ್ಬರನ್ನೇ ಆರಿಸತಕ್ಕದ್ದು. ಹಾಸಿಗೆಯ ಫೋಮಿನಂತಹ ವಸ್ತು ನೀರನ್ನು ಹೀರಿ ಒಳಕ್ಕೆ ದಾಟಿಸುತ್ತದೆ. ಜೆ.ಸಿ. ರಸ್ತೆಯ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುವ ಕಾರಿನ ಬಾಗಿಲಿನ ರಬ್ಬರ್ ಬೀಡಿಂಗ್ ಈ ಕೆಲಸಕ್ಕೆ ಒದಗುತ್ತದೆ. ಚಿಲಕ ಹಾಕಿದಾಗ ರಬ್ಬರಿನ ದಪ್ಪ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಗ್ಗುವಂತಿರಲಿ. ನಡುವೆ ಒಂದೇ ಚಿಲಕವಿದ್ದರೆ ಮೂಲೆಗಳು ಮೇಲೇಳುತ್ತವೆ. ದೊಡ್ಡ ಮುಚ್ಚಳಕ್ಕೆ ನಾಲ್ಕು ಚಿಲಕಗಳು ಅಗತ್ಯ. ಎಸ್.ಜೆ.ಪಿ. ರಸ್ತೆಯಲ್ಲಿ ಚಿಲಕ, ಸ್ಕ್ರೂಗಳನ್ನು ಕೊಳ್ಳುವವರು ಹಿತ್ತಾಳೆ ಲೇಪನದ ಕಬ್ಬಿಣವನ್ನು ಹಿತ್ತಾಳೆಯೆಂದು ತರದಂತೆ ಎಚ್ಚರ ವಹಿಸುವುದು. ಆಯಸ್ಕಾಂತ ಹಿಡಿದು ನೋಡಿದರೆ ಭೇದ ತಿಳಿಯುತ್ತದೆ.

ಮುಚ್ಚಳಕ್ಕೆ ಹಿಂಜ್ ಹಾಕುವುದಾದರೆ ಅದು ದೋಣಿಯ ಮುಂದಿನ ಕಡೆಗೆ ಇರಲಿ. ಆಗ ಎದುರಿನಿಂದ ಬರುವ ಅಲೆ ಮುಚ್ಚಳವನ್ನು ಮುಚ್ಚುತ್ತದೆಯೇ ಹೊರತು ಎತ್ತಿ ತೆರೆಯುವುದಿಲ್ಲ. ಹಿಂಜ್ ಇಲ್ಲದ ಮುಚ್ಚಳವನ್ನು ದಾರದಿಂದ ದೋಣಿಗೆ ಕಟ್ಟಿರತಕ್ಕದ್ದು. ಮಗುವೊಂದು ಒಳಗೆ ನುಸುಳುವಷ್ಟು ದೊಡ್ಡದಾದ ಕೋಣೆಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವನ್ನು ಯಾವ ಕಾರಣಕ್ಕೂ ಹಾಕಬಾರದು. ಮನೆಯಂಗಳದಲ್ಲಿ ನಿಂತಿರುವ ದೋಣಿ ಮಕ್ಕಳಿಗೆ ಆಟದ ಜಾಗವೇ ಆಗಿರುತ್ತದೆ.

ಬೆಂಗಳೂರಿನಿಂದ ಕರಾವಳಿಗೆ ಸಾಗಿಸುವಾಗ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ವಾಯುಭಾರವು ಕರಾವಳಿಯದಕ್ಕಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಇಲ್ಲಿ ಬಿಗಿಯಾಗಿ ಮುಚ್ಚಿದ ಕೋಣೆಯೊಳಗೆ ಈ ತೆಳುವಾದ ಗಾಳಿಯೇ ಉಳಿಯುತ್ತದೆ. ದೋಣಿಯು ಶಿರಾಡಿ ಘಾಟಿಯನ್ನಿಳಿದು ಮಂಗಳೂರು ತಲುಪುವಷ್ಟರಲ್ಲಿ ಹೊರಗಿನ ಗಾಳಿ ಕೋಣೆಯನ್ನು ಎಲ್ಲ ಕಡೆಯಿಂದ ಅದುಮುತ್ತಿರುತ್ತದೆ. ಕೋಣೆ ಸ್ವಲ್ಪವೂ ಸೋರದಿದ್ದರೆ 40 × 30 ಸೆಂ.ಮೀ. ಮುಚ್ಚಳವೊಂದರ ಮೇಲೆ ಬೀಳುವ ಒತ್ತಡ ಸುಮಾರು 120 ಕಿಲೋ ಭಾರಕ್ಕೆ ಸಮ. ಮುಚ್ಚಳ ತೆರೆಯಲು ಬಾರದಿರುವುದು ಇದರ ಸಣ್ಣ ಪರಿಣಾಮ. ತೆಳು ಪ್ಲೈವುಡ್ ಒಳಕ್ಕೆ ಬಾಗಿ ಅಂಟು ಬಿಡುವುದು ದೊಡ್ಡದು. ಹಿಂತಿರುಗುವಾಗ ಇದೇ ಒತ್ತಡ ಒಳಗಿನಿಂದ ಹೊರಕ್ಕೆ ಬೀಳುತ್ತದೆ. ಆದುದರಿಂದ ರಸ್ತೆಯ ಮೇಲೆ ಎಲ್ಲ ಕೋಣೆಗಳ ಮುಚ್ಚಳ ಅಥವಾ ನೀರು ಬಸಿಯುವ ಬಿರಡೆಗಳನ್ನು ಸಡಿಲಿಸಿ, ನೀರಿಗಿಳಿಸುವ ಮುನ್ನ ತಪ್ಪದೆ ಬಿಗಿಗೊಳಿಸತಕ್ಕದ್ದು.

ತೇವಾಂಶದ ಪ್ರಶ್ನೆಯೂ ಇದೆ. ಮರವು ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಉದ್ದ ಬಹುಮಟ್ಟಿಗೆ ಬದಲಾಗುವುದಿಲ್ಲ. ಮಾರ್ಚ್ ತಿಂಗಳ ಒಣಹವೆಯಲ್ಲಿ ಬಸವನಗುಡಿಯಲ್ಲಿ ಕೂದಲೆಳೆಯ ಸಂದಿಲ್ಲದೆ ಕೂರಿಸಿದ ಘನ ಮರದ ಮುಚ್ಚಳವು ಕರಾವಳಿಯ ಮಳೆಗಾಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬದಿಗಳಲ್ಲಿ ಮೂರು ನಾಲ್ಕು ಮಿ.ಮೀ. ಸಂದು ಬಿಟ್ಟು, ನೀರು ತಡೆಯುವ ಕೆಲಸವನ್ನು ರಬ್ಬರಿಗೆ ವಹಿಸುವುದು ಸೂಕ್ತ. ಪ್ಲೈವುಡ್ ಬಹಳ ಕಡಿಮೆ ಹಿಗ್ಗುತ್ತದೆ. ಭಾರತೀಯ ಮಾನಕ 710ರ ಗುರುತಿರುವ ಮರೀನ್ ಪ್ಲೈವುಡ್‌ನ ಅಂಟನ್ನು 72 ಗಂಟೆಗಳ ಕಾಲ ಕುದಿಸಿ ಪರೀಕ್ಷಿಸುವ ನಿಯಮವಿದೆ. ಆದಾಗ್ಯೂ ಕತ್ತರಿಸಿದ ಅಂಚು ನೀರನ್ನು ಹೀರುವುದರಿಂದ ಅಂಚುಗಳಿಗೆ ಮತ್ತು ಸ್ಕ್ರೂ ತೂತುಗಳ ಒಳಭಾಗಕ್ಕೆ ಎಪಾಕ್ಸಿ ಲೇಪನ ಕಡ್ಡಾಯವೆಂದೇ ತಿಳಿಯುವುದು.

ದಡದಲ್ಲಿ ದೋಣಿ ನಿಂತಿರುವಷ್ಟು ಕಾಲವೂ ಮುಚ್ಚಳಗಳು ತೆರೆದಿರಬೇಕು. ಮರದ ತೇವಾಂಶ ಶೇಕಡಾ 20ನ್ನು ಮೀರಿದರೆ ಕೊಳೆಸುವ ಶಿಲೀಂಧ್ರ ಬೆಳೆಯಲು ಅನುಕೂಲವಾಗುತ್ತದೆ. ಮುಚ್ಚಿಟ್ಟ ಒದ್ದೆ ಕೋಣೆ ಅದಕ್ಕೆ ಹೇಳಿಮಾಡಿಸಿದ ಸ್ಥಳ.

ಪರೀಕ್ಷೆ

ಹೊಸ್ತಿಲಿನ ಮೇಲಂಚಿಗೆ ಸೀಮೆಸುಣ್ಣ ಉಜ್ಜಿ, ಮುಚ್ಚಳ ಹಾಕಿ ಚಿಲಕ ಬಿಗಿದು ತೆರೆದಾಗ ರಬ್ಬರಿನ ಮೇಲೆ ಬಿಳಿಗೆರೆ ಎಲ್ಲಿಯೂ ತುಂಡಾಗದೆ ಮೂಡಿರಬೇಕು. ತುಂಡಾದ ಕಡೆ ನೀರು ಬರುತ್ತದೆ. ನಂತರ ಆಳವಿಲ್ಲದ ನೀರಿನಲ್ಲಿ, ಜೀವರಕ್ಷಕ ಅಂಗಿ ತೊಟ್ಟು, ದೋಣಿಯನ್ನು ಒಂದೊಂದು ಪಕ್ಕಕ್ಕೆ ಅರ್ಧ ಗಂಟೆ ಮಲಗಿಸಿ, ಒಳಸೇರಿದ ನೀರನ್ನು ಸ್ಪಂಜಿನಿಂದ ಹಿಂಡಿ ಅಳೆಯತಕ್ಕದ್ದು. ಒಂದೆರಡು ಲೋಟ ನೀರು ಚಿಂತೆಗೆ ಕಾರಣವಲ್ಲ. ಒಂದು ಬಕೆಟ್ ನೀರು ಸೇರಿದ್ದರೆ ಆ ದೋಣಿ ಇನ್ನೂ ಸಿದ್ಧವಾಗಿಲ್ಲ.

ಸಂಬಂಧಿಸಿದ ಸೇವೆಗಳು ಮತ್ತು ಅನುಮತಿ

ಕೊಂಡ ಮರ ಯಾವ ಜಾತಿಯದೆಂಬ ಬಗ್ಗೆ ಸಂದೇಹವಿದ್ದಲ್ಲಿ ಮಲ್ಲೇಶ್ವರಂ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಪಾವತಿಸಿ ಗುರುತಿಸಿಕೊಳ್ಳಬಹುದು. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಈ ಸಂಸ್ಥೆಯು ಸಮುದ್ರದ ನೀರಿನಲ್ಲಿ ಮರದ ಬಾಳಿಕೆಯ ಕುರಿತೂ ಸಂಶೋಧನೆ ನಡೆಸಿದೆ. ತೇಗ ಮುಂತಾದ ಮರಗಳನ್ನು ಕೊಳ್ಳುವಾಗ ರಸೀದಿಯನ್ನು ಪಡೆದು ಕಾಪಾಡಿಕೊಳ್ಳತಕ್ಕದ್ದು.

1917ರ ಒಳನಾಡು ಹಡಗುಗಳ ಕಾಯಿದೆಯ ಬದಲಿಗೆ ಬಂದ 2021ರ ಕಾಯಿದೆಯಲ್ಲಿ ಯಂತ್ರವಿಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ದಾಖಲಿಸಲು ಅವಕಾಶ ಕಲ್ಪಿಸಲಾಗಿದೆ. ಅರ್ಜಿ ಸಲ್ಲಿಸುವವರು ದೋಣಿಯ ಅಳತೆಗಳೊಂದಿಗೆ ತೇಲುಕೋಣೆಗಳ ಸಂಖ್ಯೆ ಮತ್ತು ಗಾತ್ರವನ್ನು ತೋರಿಸುವ ರೇಖಾಚಿತ್ರವನ್ನೂ ಸಿದ್ಧಪಡಿಸಿಟ್ಟುಕೊಳ್ಳುವುದು ಅನುಕೂಲಕರ. ಯಾವುದೇ ಕೆರೆ ಅಥವಾ ಜಲಾಶಯದಲ್ಲಿ ದೋಣಿಯನ್ನು ಇಳಿಸುವ ಮುನ್ನ, ಪರೀಕ್ಷೆಯ ಉದ್ದೇಶಕ್ಕಾಗಿಯೇ ಆದರೂ, ಅದನ್ನು ನಿರ್ವಹಿಸುವ ಪ್ರಾಧಿಕಾರದಿಂದ ಅನುಮತಿ ಪಡೆದಿರತಕ್ಕದ್ದು.